ನಿಮ್ಮ ಮನೆಯ ನೀರಿಗೆ ತೊಳೆದುಹೋಗುವ ಪೊಮೇಡ್ ಆರಿಸಿ

ಪ್ರಶ್ನೆ: ನಾನು ಗದಗಿನವನು, ವಯಸ್ಸು 24. ಹುಬ್ಬಳ್ಳಿಯ ಮೊಬೈಲ್ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ. ವಿದ್ಯಾನಗರದಲ್ಲಿ ಬಾಡಿಗೆ ಕೋಣೆ, ಓಡಾಟವೆಲ್ಲ ಬೈಕಿನಲ್ಲಿ. ನನ್ನ ಕೂದಲು ದಪ್ಪ, ಸ್ವಲ್ಪ ಅಲೆಯಲೆಯಾಗಿದೆ. ಗೆಲ್ ಹಚ್ಚಿದರೆ ಮಧ್ಯಾಹ್ನದ ಹೊತ್ತಿಗೆ ಅಂಗಿಯ ಮೇಲೆ ಬಿಳಿ ಪುಡಿ ಉದುರುತ್ತದೆ. ಪೊಮೇಡ್ ಹಚ್ಚು ಎಂದು ಗೆಳೆಯರು ಹೇಳುತ್ತಾರೆ. ಅಂಗಡಿಗೆ ಹೋದರೆ ಪೊಮೇಡ್, ವ್ಯಾಕ್ಸ್, ಕ್ಲೇ, ಕ್ರೀಮ್ ಎಂದು ಹತ್ತಾರು ಡಬ್ಬಿಗಳು. ಯಾವುದನ್ನು ಕೊಳ್ಳಬೇಕು, ಹೇಗೆ ಹಚ್ಚಬೇಕು? ಇದರಿಂದ ಕೂದಲು ಉದುರುತ್ತದೆ ಎಂದು ಅಪ್ಪ ಹೇಳುತ್ತಾರೆ, ನಿಜವೇ? ಬರುವ ತಿಂಗಳು ಅಕ್ಕನ ಮದುವೆಯೂ ಇದೆ.

ಉತ್ತರ: ಡಬ್ಬಿ ಕೈಗೆತ್ತಿಕೊಂಡವರೆಲ್ಲ ಅದು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಎಂದು ಕೇಳುತ್ತಾರೆ. ನೀವು ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ರಾತ್ರಿ ಕೋಣೆಗೆ ಮರಳಿದ ಮೇಲೆ, ನಿಮ್ಮ ಬಚ್ಚಲಿನಲ್ಲಿ ಸಿಗುವ ನೀರಿನಲ್ಲಿ, ನಿಮಗಿರುವ ಸಮಯದಲ್ಲಿ ಇದು ತಲೆಯಿಂದ ಪೂರ್ತಿ ಹೋಗುತ್ತದೆಯೇ? ಪೊಮೇಡ್ ಹಚ್ಚಿ ಬೇಸತ್ತು ನನ್ನ ಸಲೂನಿಗೆ ಬರುವ ಹುಡುಗರಲ್ಲಿ ಹೆಚ್ಚಿನವರ ತೊಂದರೆ ಹಚ್ಚುವುದರಲ್ಲಿಲ್ಲ, ತೊಳೆಯುವುದರಲ್ಲಿದೆ. ನಿನ್ನೆಯದರ ಮೇಲೆ ಇಂದಿನದು, ಅದರ ಮೇಲೆ ನಾಳೆಯದು ಕೂತು ಕೂದಲು ಭಾರವಾಗುತ್ತದೆ, ನೆತ್ತಿ ಕೆರೆಯುತ್ತದೆ, ಡಬ್ಬಿಯೇ ಕೆಟ್ಟದ್ದೆಂಬ ಮಾತು ಹುಟ್ಟುತ್ತದೆ.

ಮೊದಲು ಆ ಬಿಳಿ ಪುಡಿಯ ವಿಷಯ. ಗೆಲ್‌ನಲ್ಲಿ ಕೂದಲನ್ನು ಹಿಡಿದಿಡುವುದು ಪಿವಿಪಿಯಂಥ ಪಾಲಿಮರ್, ಅಂದರೆ ಒಂದು ಬಗೆಯ ಕೃತಕ ಅಂಟು. ಗೆಲ್‌ನ ನೀರು ಆರಿದ ಮೇಲೆ ಅದು ಕೂದಲಿನ ಸುತ್ತ ತೆಳುವಾದ, ಬಿರುಸಾದ ಪೊರೆಯಾಗಿ ಉಳಿಯುತ್ತದೆ. ನೀವು ಹೆಲ್ಮೆಟ್ ತೆಗೆದು ಕೈಯಾಡಿಸಿದಾಗ ಪೊರೆ ಒಡೆದು ಚೂರಾಗಿ ಉದುರುತ್ತದೆ. ಇದನ್ನು ತಲೆಹೊಟ್ಟು ಎಂದು ತಿಳಿದು ಔಷಧದ ಶಾಂಪೂ ಕೊಳ್ಳುವವರಿದ್ದಾರೆ. ವ್ಯತ್ಯಾಸ ತಿಳಿಯುವುದು ಕಷ್ಟವಲ್ಲ. ಉದುರಿದ ಪುಡಿಯನ್ನು ಕಪ್ಪು ಬಟ್ಟೆಯ ಮೇಲೆ ಹಾಕಿ ಒಂದು ಹನಿ ನೀರು ಬಿಡಿ. ಗೆಲ್ ಆಗಿದ್ದರೆ ಕರಗಿ ಅಂಟಾಗುತ್ತದೆ. ಹೊಟ್ಟು ಕರಗುವುದಿಲ್ಲ, ನೆನೆದು ಹಾಗೆಯೇ ಕೂರುತ್ತದೆ. ಹೊಟ್ಟಾಗಿದ್ದರೆ ಪೊಮೇಡ್ ಕೊಳ್ಳುವ ಮೊದಲು ಅದಕ್ಕೆ ಚಿಕಿತ್ಸೆ ಆಗಬೇಕು. ಕಾರಣವನ್ನು ಮುಂದೆ ಹೇಳುತ್ತೇನೆ.

ಈಗ ಡಬ್ಬಿಗಳ ಒಳಗೆ ಏನಿದೆ ನೋಡೋಣ. ಹಳೆಯ ಕಾಲದ ಪೊಮೇಡ್ ಎಣ್ಣೆ ಮತ್ತು ಮೇಣದ ಪದಾರ್ಥ: ಪೆಟ್ರೋಲಿಯಂ ಜೆಲ್ಲಿ, ಜೇನುಮೇಣ, ಕುರಿಯ ಉಣ್ಣೆಯಿಂದ ತೆಗೆಯುವ ಲ್ಯಾನೋಲಿನ್, ಖನಿಜ ತೈಲ. ಅಮೆರಿಕದ ಷಿಕಾಗೊ ನಗರದಲ್ಲಿ ಮರ್ರೆ ಎಂಬ ಕ್ಷೌರಿಕರು 1925ರಲ್ಲಿ ಮಾರಲು ತೊಡಗಿದ ಡಬ್ಬಿ ಈ ಜಾತಿಯದು, ಅದು ಈಗಲೂ ಮಾರಾಟದಲ್ಲಿದೆ. ಇದು ಒಣಗುವುದಿಲ್ಲ. ಒಣಗದ ಕಾರಣ ದಿನವಿಡೀ ಎಷ್ಟು ಸಲ ಬೇಕಾದರೂ ಹಣಿಗೆ ಹಾಕಿ ಕ್ರಾಪು ತಿದ್ದಬಹುದು, ಪುಡಿ ಉದುರುವ ಪ್ರಶ್ನೆಯೇ ಇಲ್ಲ. ಹೊಳಪೂ ಹೆಚ್ಚು. ನಿಮ್ಮ ಅಜ್ಜ ಬ್ರಿಲ್‌ಕ್ರೀಮ್ ಹಚ್ಚುತ್ತಿದ್ದಿರಬಹುದು. 1928ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ಅದು ಖನಿಜ ತೈಲ ಮತ್ತು ನೀರನ್ನು ಜೇನುಮೇಣದ ನೆರವಿನಿಂದ ಬೆರೆಸಿದ ಕ್ರೀಮು. ಹೊಳಪು ಕೊಡುತ್ತದೆ, ಹಿಡಿತ ಕಡಿಮೆ. ನಿಮ್ಮಂಥ ದಪ್ಪ ಕೂದಲಿಗೆ ಅದು ಸಾಲದು.

ಎರಡನೆಯದು ನೀರಿನಲ್ಲಿ ಕರಗುವ ಪೊಮೇಡ್. ನೋಡಲು ಸಾಮಾನ್ಯವಾಗಿ ಪಾರದರ್ಶಕ, ಬೆರಳು ಅದ್ದಿದರೆ ಗಟ್ಟಿ ಜೆಲ್ಲಿ. ಇದರಲ್ಲಿ ನೀರು, ಸೆಟೆರೆತ್-25 ಎಂಬ ಮೇಣದಂಥ ಪದಾರ್ಥ, ಗ್ಲಿಸರಿನ್, ಪೆಗ್-40 ಹೈಡ್ರೋಜನೇಟೆಡ್ ಕ್ಯಾಸ್ಟರ್ ಆಯಿಲ್ ಇರುತ್ತವೆ. ಕೊನೆಯದು ನಮ್ಮ ಔಡಲೆಣ್ಣೆಯೇ, ನೀರಿನೊಂದಿಗೆ ಬೆರೆಯುವಂತೆ ಮಾರ್ಪಡಿಸಿದ್ದು. ಎಣ್ಣೆಯ ಪೊಮೇಡಿನ ಹೊಳಪು ಮತ್ತು ಹಿಡಿತದ ಬಹುಪಾಲು ಇದರಲ್ಲಿ ಸಿಗುತ್ತದೆ, ಸಾದಾ ನೀರಿಗೆ ಬಿಟ್ಟುಕೊಡುತ್ತದೆ. ಮೂರನೆಯದು ಕ್ಲೇ. ಬೆಂಟೋನೈಟ್, ಕೇಯೋಲಿನ್ ಎಂಬ ಜೇಡಿಗಳನ್ನು ಮೇಣದೊಂದಿಗೆ ಸೇರಿಸಿದ್ದು. ಹೊಳಪಿಲ್ಲ, ಕೂದಲು ದಟ್ಟವಾಗಿ ಕಾಣುತ್ತದೆ, ಜಿಡ್ಡನ್ನು ಹೀರುತ್ತದೆ. ತೆಳ್ಳನೆಯ ಕೂದಲಿನವರಿಗೆ ವರ. ನಿಮಗೆ ಅದರ ಅಗತ್ಯವಿಲ್ಲ. ವ್ಯಾಕ್ಸ್ ಎಂಬ ಹೆಸರನ್ನು ಒಂದೊಂದು ಕಂಪನಿ ಒಂದೊಂದಕ್ಕೆ ಇಡುತ್ತದೆ, ಆ ಹೆಸರಿನಿಂದ ಏನೂ ತಿಳಿಯುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಡಬ್ಬಿಯ ಮೇಲೆ ‘ವಾಟರ್ ಬೇಸ್ಡ್’ ಎಂದು ದೊಡ್ಡದಾಗಿ ಬರೆದಿದ್ದ ಮಾತ್ರಕ್ಕೆ ಅದು ನೀರಿನಲ್ಲಿ ಕರಗುತ್ತದೆ ಎಂದು ನಂಬಬೇಡಿ. ನೀರಿಗೆ ಮೇಣ ಬೆರೆಸಿದ್ದನ್ನೂ ಹಾಗೆ ಕರೆಯುತ್ತಾರೆ. ಡಬ್ಬಿಯನ್ನು ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರ ಓದಿ. ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಶೇಕಡಾ ಒಂದಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಅಂದರೆ ಮೊದಲ ನಾಲ್ಕೈದು ಹೆಸರುಗಳಲ್ಲೇ ಡಬ್ಬಿಯ ಗುಣ ಗೊತ್ತಾಗುತ್ತದೆ. ಪೆಟ್ರೋಲೇಟಮ್, ಬೀಸ್‌ವ್ಯಾಕ್ಸ್ ಅಥವಾ ಅದರದೇ ಇನ್ನೊಂದು ಹೆಸರಾದ ಸೆರಾ ಆಲ್ಬಾ, ಮೈಕ್ರೋಕ್ರಿಸ್ಟಲೈನ್ ವ್ಯಾಕ್ಸ್ ಇವು ಮೇಲಿನ ಸಾಲಿನಲ್ಲಿದ್ದರೆ ಅದು ಸುಲಭವಾಗಿ ತೊಳೆದುಹೋಗದು. ನೀರು, ಸೆಟೆರೆತ್, ಗ್ಲಿಸರಿನ್, ಪೆಗ್ ಮುಂದಿದ್ದರೆ ಅದು ನಿಮಗೆ ಬೇಕಾದ್ದು. ಅಂಗಡಿಯಲ್ಲಿ ತೆರೆದ ಮಾದರಿ ಡಬ್ಬಿ ಇದ್ದರೆ ಇನ್ನೂ ಒಳ್ಳೆಯದು. ಚಿಟಿಕೆಯಷ್ಟನ್ನು ಕೈಯ ಹಿಂಬದಿಗೆ ತಿಕ್ಕಿ, ಬಾಟಲಿಯ ನೀರು ಹಾಕಿ ತೊಳೆಯಿರಿ. ನೀರು ಹನಿಹನಿಯಾಗಿ ಜಾರಿಹೋಗಿ ಜಿಡ್ಡು ಹಾಗೆಯೇ ಉಳಿದರೆ ಡಬ್ಬಿಯನ್ನು ಹಿಂದಿರುಗಿಸಿ.

ಇಷ್ಟೊಂದು ಒತ್ತಿ ಹೇಳಲು ನಮ್ಮ ಊರಿನ ನೀರೇ ಕಾರಣ. ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯುವ ನೀರು ಮುಖ್ಯವಾಗಿ ಬರುವುದು ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಜಲಾಶಯದಿಂದ. ನಳದ ನೀರು ಹಲವು ಬಡಾವಣೆಗಳಿಗೆ ಕೆಲವು ದಿನಗಳಿಗೊಮ್ಮೆ ಮಾತ್ರ ಬರುತ್ತದೆ ಎಂಬುದು ಇಲ್ಲಿ ಬಾಡಿಗೆಗೆ ಇರುವ ನಿಮಗೆ ನಾನು ಹೇಳಬೇಕಿಲ್ಲ. ನಡುವಿನ ದಿನಗಳಲ್ಲಿ ಸ್ನಾನಕ್ಕೆ ಕೊಳವೆಬಾವಿಯ ನೀರೇ ಗತಿ. ನಿಮ್ಮ ಗದಗ ಕಡೆಯ ಬಾವಿಗಳಲ್ಲಿ ನೀರು ಎಷ್ಟು ಗಡಸು ಎಂಬುದೂ ನಿಮಗೆ ಗೊತ್ತು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸಾಬೂನಿನೊಂದಿಗೆ ಸೇರಿ ನೀರಿನಲ್ಲಿ ಕರಗದ ಬಿಳಿಯ ಕಿಟ್ಟವಾಗುತ್ತವೆ. ಬಕೆಟ್ಟಿನ ಅಂಚಿಗೆ ಕಟ್ಟುವ ಬಿಳಿ ಗೆರೆಗೂ ಇದರಲ್ಲಿ ಪಾಲಿದೆ. ಮೈಗೆ ಹಚ್ಚುವ ಸಾಬೂನಿನಿಂದಲೇ ತಲೆಯನ್ನೂ ತೊಳೆದರೆ ಆ ಕಿಟ್ಟ ಮೇಣದ ಜೊತೆ ಸೇರಿ ಕೂದಲಿಗೆ ಅಂಟುತ್ತದೆ, ಮರುದಿನ ಪೊಮೇಡ್ ಹಿಡಿಯುವುದಿಲ್ಲ. ಶಾಂಪೂವಿನಲ್ಲಿರುವ ತೊಳೆಯುವ ಪದಾರ್ಥಗಳು ಗಡಸು ನೀರಿನಲ್ಲೂ ಕೆಲಸ ಮಾಡುತ್ತವೆ. ಆದ್ದರಿಂದ ತಲೆಗೆ ಸಾಬೂನು ಬೇಡವೇ ಬೇಡ.

ಬಿಸಿನೀರು ಹಾಕಿದರೆ ಮೇಣ ಕರಗುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಲೆಕ್ಕ ನೋಡಿ: ಜೇನುಮೇಣ ಕರಗುವುದು ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನಮ್ಮ ತಲೆ ಹಿತವಾಗಿ ತಾಳುವುದು 40 ಡಿಗ್ರಿಯ ಆಸುಪಾಸಿನ ನೀರನ್ನು. ಮೇಣ ಕರಗುವಷ್ಟು ಬಿಸಿ ಹಾಕಿದರೆ ನೆತ್ತಿ ಸುಡುತ್ತದೆ. ಎಣ್ಣೆಯ ಪೊಮೇಡನ್ನು ಬಿಡಿಸಲು ಎಣ್ಣೆಯೇ ಬೇಕು. ಒಣ ಕೂದಲಿಗೆ ಎರಡು ಚಮಚ ಕೊಬ್ಬರಿ ಎಣ್ಣೆ ಹಚ್ಚಿ ಐದಾರು ನಿಮಿಷ ಬೆರಳ ತುದಿಯಿಂದ ತಿಕ್ಕಿ. ಮೇಣ ಸಡಿಲವಾಗಿ ಎಣ್ಣೆಗೆ ಸೇರಿಕೊಳ್ಳುತ್ತದೆ. ಹಳೆಯ ಬಟ್ಟೆಯಿಂದ ಒರೆಸಿ ತೆಗೆಯಿರಿ. ನಂತರ ನೀರು ಹಾಕುವ ಮೊದಲೇ ಒಣ ತಲೆಗೆ ಶಾಂಪೂ ಹಚ್ಚಿ ಚೆನ್ನಾಗಿ ತಿಕ್ಕಿ, ಆಮೇಲೆ ಸ್ವಲ್ಪಸ್ವಲ್ಪವೇ ನೀರು ಸೇರಿಸಿ. ಮೊದಲೇ ನೀರು ಸುರಿದರೆ ಅದು ಜಿಡ್ಡಿನ ಮೇಲೆ ಜಾರಿ ಶಾಂಪೂವನ್ನೂ ಒಯ್ಯುತ್ತದೆ. ತೊಳೆದ ಮೇಲೆ ಇನ್ನೊಮ್ಮೆ ಶಾಂಪೂ. ಇದನ್ನು ದಿನವೂ ಮಾಡುವುದು ಬಾಡಿಗೆ ಕೋಣೆಯಲ್ಲಿ ಒಂದು ಕೊಡ ನೀರಿಗೆ ಲೆಕ್ಕ ಇಡುವ ಹುಡುಗನಿಗೆ ಆಗುವ ಮಾತಲ್ಲ. ಆದ್ದರಿಂದಲೇ ದಿನಬಳಕೆಗೆ ನೀರಿನಲ್ಲಿ ಕರಗುವ, ಮಧ್ಯಮ ಹಿಡಿತದ ಪೊಮೇಡನ್ನೇ ನಿಮಗೆ ಹೇಳುತ್ತೇನೆ. ಅದು ಎರಡು ತಂಬಿಗೆ ನೀರಿಗೆ ಬಹುಪಾಲು ಹೋಗುತ್ತದೆ, ಎರಡು ಮೂರು ದಿನಕ್ಕೊಮ್ಮೆ ಶಾಂಪೂ ಸಾಕು. ಹಚ್ಚಿಕೊಂಡು ಮಲಗುವ ಅಭ್ಯಾಸ ಮಾತ್ರ ಖಂಡಿತ ಬೇಡ.

ಎಣ್ಣೆಯ ಪೊಮೇಡ್ ನಿಮಗೆ ಹೊಂದದಿರಲು ಇನ್ನೆರಡು ಕಾರಣಗಳಿವೆ. ಪೆಟ್ರೋಲಿಯಂ ಜೆಲ್ಲಿ 38 ಡಿಗ್ರಿ ದಾಟಿದ ಮೇಲೆ ಬಗೆಗೆ ತಕ್ಕಂತೆ ಮೆದುವಾಗಿ ಕರಗತೊಡಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಗದಗಿನ ಬಿಸಿಲಿಗೆ ಹೆಲ್ಮೆಟ್ಟಿನ ಒಳಗೆ ತಲೆ ಬೆವರಿದಾಗ ಅದು ಹಣೆಗೆ ಇಳಿಯುತ್ತದೆ. ಜೊತೆಗೆ ನಮ್ಮ ರಸ್ತೆಗಳ ಧೂಳು. ಒಣಗದ ಎಣ್ಣೆಯ ಮೇಲೆ ಧೂಳು ಕೂತರೆ ಸಂಜೆಯ ಹೊತ್ತಿಗೆ ಹಣಿಗೆಯ ಹಲ್ಲುಗಳ ನಡುವೆ ಕಪ್ಪು ಕಿಟ್ಟ ಬರುತ್ತದೆ. ಗದಗ-ಹುಬ್ಬಳ್ಳಿ ದಾರಿಯಲ್ಲಿ ವಾರಕ್ಕೊಮ್ಮೆ ಬೈಕಿನಲ್ಲಿ ಹೋಗಿಬರುವವರಾದರೆ ಇದನ್ನು ನೀವೇ ನೋಡುತ್ತೀರಿ.

ಆದರೆ ಮಳೆಗಾಲದ ಮಾತು ಬೇರೆ, ಅದರಲ್ಲೂ ಧಾರವಾಡದ ಜಿಟಿಜಿಟಿ ಮಳೆ. ಕೂದಲಿನ ಆಕಾರ ನಿಲ್ಲುವುದು ಅದರೊಳಗಿನ ಕೆರಾಟಿನ್ ಎಂಬ ಪ್ರೋಟೀನಿನ ಎಳೆಗಳ ನಡುವಿನ ಹೈಡ್ರೋಜನ್ ಬಂಧಗಳ ಬಲದಿಂದ. ನೀರು ತಾಗಿದರೆ ಆ ಬಂಧಗಳು ಬಿಡುತ್ತವೆ, ಒಣಗುವಾಗ ಯಾವ ಆಕಾರದಲ್ಲಿ ಇರುತ್ತದೋ ಆ ಆಕಾರದಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಅವು ದಿನವಿಡೀ ಸಡಿಲಾಗುತ್ತ ನಿಮ್ಮ ಕೂದಲಿನ ಅಲೆ ಮತ್ತೆ ಏಳುತ್ತದೆ. ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಳ್ಳುವ ಗುಣದ್ದು, ಹಾಗಾಗಿ ಜುಲೈನಲ್ಲಿ ನೀರಿನ ಪೊಮೇಡ್ ಅಂಟಂಟು ಎನಿಸಬಹುದು. ಮಳೆಯಲ್ಲಿ ನೆನೆದರೆ ಅದು ಕರಗಿ ಕಿವಿಯ ಹಿಂದೆ ಇಳಿಯುತ್ತದೆ. ಮಳೆಗಾಲದ ಎರಡು ತಿಂಗಳು ಪ್ರಮಾಣವನ್ನು ಅರ್ಧಕ್ಕೆ ಇಳಿಸಿ, ಕ್ರಾಪನ್ನು ಇನ್ನಷ್ಟು ಗಿಡ್ಡ ಮಾಡಿಸಿ. ಆಗ ಡಬ್ಬಿಯ ಮೇಲಿನ ಅವಲಂಬನೆಯೇ ಕಡಿಮೆಯಾಗುತ್ತದೆ.

ಈ ಹೈಡ್ರೋಜನ್ ಬಂಧದ ವಿಷಯ ತಿಳಿದರೆ ಹಚ್ಚುವ ಕ್ರಮವೂ ತಾನಾಗಿ ತಿಳಿಯುತ್ತದೆ. ಸ್ನಾನದ ನಂತರ ಟವೆಲಿನಿಂದ ಒತ್ತಿ ನೀರು ತೆಗೆಯಿರಿ, ಉಜ್ಜಬೇಡಿ. ಕೂದಲು ಹನಿಯಿಡಬಾರದು, ಪೂರ್ತಿ ಒಣಗಿರಲೂಬಾರದು. ಕಡಲೆಕಾಳಿನಷ್ಟು ಪೊಮೇಡನ್ನು ಬೆರಳ ಹಿಂಬದಿಯಿಂದ ಕೆರೆದು ತೆಗೆಯಿರಿ. ಇದನ್ನು ಎರಡೂ ಅಂಗೈಗಳ ನಡುವೆ ಗಂಟು ಒಂದೂ ಉಳಿಯದೆ ತೆಳ್ಳಗೆ ಹರಡುವವರೆಗೆ ತಿಕ್ಕಬೇಕು. ಅವಸರದಲ್ಲಿ ಇದನ್ನು ಬಿಟ್ಟವರ ತಲೆಯಲ್ಲಿಯೇ ಒಂದು ಕಡೆ ಮುದ್ದೆ, ಇನ್ನೊಂದು ಕಡೆ ಏನೂ ಇಲ್ಲ ಎಂಬ ಸ್ಥಿತಿ. ಹಚ್ಚುವುದನ್ನು ಹಿಂದಲೆಯಿಂದ ಆರಂಭಿಸಿ ನಡುನೆತ್ತಿಗೆ ಬನ್ನಿ, ಮುಂದಿನ ಕೂದಲಿಗೆ ಕೈಯಲ್ಲಿ ಉಳಿದದ್ದು ಸಾಕು. ಎಲ್ಲರೂ ಕನ್ನಡಿಯಲ್ಲಿ ಕಾಣುವ ಮುಂಭಾಗಕ್ಕೇ ಮೊದಲು ಹಚ್ಚುತ್ತಾರೆ. ಆಗ ಅಲ್ಲಿ ಭಾರವಾಗಿ ಕ್ರಾಪು ಹಣೆಯ ಮೇಲೆ ಬೀಳುತ್ತದೆ. ಬೆರಳುಗಳು ಕೂದಲಿನ ನಡುವೆ ಬುಡದ ಹತ್ತಿರದವರೆಗೆ ಹೋಗಲಿ, ಆದರೆ ನೆತ್ತಿಯ ಚರ್ಮಕ್ಕೆ ತಿಕ್ಕಬಾರದು. ದಪ್ಪ ಕೂದಲಾದ್ದರಿಂದ ನಿಮಗೆ ಇನ್ನೊಂದು ಕಡಲೆಕಾಳಿನಷ್ಟು ಬೇಕಾಗಬಹುದು. ಮೊದಲೇ ಎರಡು ಪಾಲು ತೆಗೆಯದೆ, ಒಂದನ್ನು ಹಚ್ಚಿ ನೋಡಿ ಇನ್ನೊಂದನ್ನು ತೆಗೆಯಿರಿ. ಮೊದಲು ಅಗಲ ಹಲ್ಲಿನ ಹಣಿಗೆ, ಬೈತಲೆ ತೆಗೆದ ಮೇಲೆ ಸಣ್ಣ ಹಲ್ಲಿನದು. ಡ್ರೈಯರ್ ಇದ್ದರೆ ಮಧ್ಯಮ ಬಿಸಿಯಲ್ಲಿ ಬುಡದಿಂದ ತುದಿಯ ಕಡೆಗೆ ಗಾಳಿ ಬಿಡಿ. ಇಲ್ಲದಿದ್ದರೆ ಫ್ಯಾನಿನ ಕೆಳಗೆ ಹತ್ತು ನಿಮಿಷ ಕೂತರೂ ಆಗುತ್ತದೆ.

ಒದ್ದೆ ತಲೆಗೆ ಹೆಲ್ಮೆಟ್ ಹಾಕಬೇಡಿ. ಹೆಲ್ಮೆಟ್ ಒತ್ತಿದ ಆಕಾರದಲ್ಲೇ ಕೂದಲು ಒಣಗಿ ಕೂರುತ್ತದೆ, ಆಮೇಲೆ ಯಾವ ಡಬ್ಬಿಯೂ ಅದನ್ನು ಎಬ್ಬಿಸದು. ನಿಮ್ಮಂತೆ ಅಂಗಡಿಯಲ್ಲಿ ನಿಂತು ಕೆಲಸ ಮಾಡುವವರಿಗೆ ಸರಿಯಾದ ದಾರಿಯೆಂದರೆ ಮನೆಯಲ್ಲಿ ಕೂದಲನ್ನು ಬೇಕಾದ ದಿಕ್ಕಿಗೆ ಬಾಚಿ ಪೂರ್ತಿ ಒಣಗಿಸಿ, ತೆಳು ಹತ್ತಿಬಟ್ಟೆ ಕಟ್ಟಿ ಹೆಲ್ಮೆಟ್ ಹಾಕಿ, ಅಂಗಡಿ ತಲುಪಿದ ಮೇಲೆ ಕೈ ಒದ್ದೆ ಮಾಡಿಕೊಂಡು ಪೊಮೇಡ್ ಹಚ್ಚುವುದು. ಮನೆಯಲ್ಲೇ ಹಚ್ಚಿ ಹೊರಟಿದ್ದರೂ ಚಿಂತೆಯಿಲ್ಲ. ನೀರಿನ ಪೊಮೇಡಿನ ದೊಡ್ಡ ಗುಣವೇ ಇದು: ಒದ್ದೆ ಅಂಗೈಯಿಂದ ಸವರಿದರೆ ಮತ್ತೆ ಮೆದುವಾಗುತ್ತದೆ, ಹಣಿಗೆ ಹಾಕಿ ತಿದ್ದಬಹುದು. ಗೆಲ್‌ನಲ್ಲಿ ಇದು ಇಷ್ಟು ಚೆನ್ನಾಗಿ ಆಗುವುದಿಲ್ಲ. ಹೆಲ್ಮೆಟ್ಟನ್ನು ಮಾತ್ರ ಕ್ರಾಪಿಗಾಗಿ ಎಂದೂ ಬಿಡಬೇಡಿ.

ಕ್ರಾಪಿನ ಬಗ್ಗೆ ಒಂದು ಮಾತು. ಕತ್ತರಿಸುವ ಕೈ ಸರಿಯಿಲ್ಲದಿದ್ದರೆ ಪೊಮೇಡ್ ಏನನ್ನೂ ಸರಿಪಡಿಸದು. ದಪ್ಪ ಕೂದಲಿಗೆ ಮೇಲ್ಭಾಗ ಏಳೆಂಟು ಸೆಂಟಿಮೀಟರ್ ಇರಲಿ, ಒಳಗಿನ ಭಾರವನ್ನು ಥಿನ್ನಿಂಗ್ ಕತ್ತರಿಯಿಂದ ತೆಗೆಸಿ, ಪಕ್ಕಗಳನ್ನು ಗಿಡ್ಡ ಮಾಡಿಸಿ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ನಾಲ್ಕೈದು ವಾರಕ್ಕೊಮ್ಮೆ ಕುರ್ಚಿಗೆ ಬರಬೇಕಾಗುತ್ತದೆ. ಯಾವ ಪೊಮೇಡ್ ಬಳಸುತ್ತೀರಿ ಎಂದು ಕ್ಷೌರಿಕರಿಗೆ ಹೇಳಿ. ಗೊತ್ತಿದ್ದವರು ಅದಕ್ಕೆ ತಕ್ಕಂತೆ ಕತ್ತರಿ ಆಡಿಸುತ್ತಾರೆ. ನಮ್ಮ ಊರುಗಳ ಸಣ್ಣ ಕಟಿಂಗ್ ಅಂಗಡಿಗಳಲ್ಲಿ ಇಂಥ ನುರಿತ ಕೈಗಳು ಬಹಳ ಇವೆ, ಹವಾನಿಯಂತ್ರಿತ ಕೋಣೆಯೇ ಬೇಕೆಂದಿಲ್ಲ. ಎಲ್ಲರ ಬೆರಳೂ ಅದ್ದುವ ಡಬ್ಬಿಯಿಂದ ಹಚ್ಚಿಸಿಕೊಳ್ಳಬೇಡಿ, ನಿಮ್ಮದನ್ನೇ ಒಯ್ಯಿರಿ.

ಬೆಲೆಯನ್ನು ಡಬ್ಬಿಗೆ ಎಷ್ಟು ಎಂದು ನೋಡದೆ ಗ್ರಾಮಿಗೆ ಎಷ್ಟು ಎಂದು ನೋಡಿ. ದಿನಕ್ಕೆ ಒಂದು ಗ್ರಾಮ್ ಎಂದು ಧಾರಾಳವಾಗಿ ಹಿಡಿದರೂ 100 ಗ್ರಾಮಿನ ಡಬ್ಬಿ ಮೂರು ತಿಂಗಳು ಮೀರಿ ಬರುತ್ತದೆ. ಮೊದಲ ಸಲ ಸಣ್ಣ ಡಬ್ಬಿ ಕೊಳ್ಳಿ. ತಯಾರಕರ ಹೆಸರು ವಿಳಾಸ, ಬ್ಯಾಚ್ ಸಂಖ್ಯೆ, ಬಳಸಬೇಕಾದ ಕೊನೆಯ ದಿನಾಂಕ ಇಲ್ಲದ ಡಬ್ಬಿ ಎಷ್ಟೇ ಅಗ್ಗವಾದರೂ ಬೇಡ. ಮನೆಯಲ್ಲಿ ಜೇನುಮೇಣ ಮತ್ತು ಕೊಬ್ಬರಿ ಎಣ್ಣೆ ಕಾಯಿಸಿ ಪೊಮೇಡ್ ಮಾಡುವ ವಿಡಿಯೊಗಳನ್ನು ನೀವೂ ನೋಡಿರಬಹುದು. ಕೊಬ್ಬರಿ ಎಣ್ಣೆ 24 ಡಿಗ್ರಿಗೇ ಕರಗುತ್ತದೆ, ಅಂಥದ್ದು ನಮ್ಮ ಬೇಸಿಗೆಯಲ್ಲಿ ತಲೆಯ ಮೇಲೆ ನಿಲ್ಲದು, ತೊಳೆಯಲೂ ಬಾರದು.

ಅಕ್ಕನ ಮದುವೆಯ ದಿನ ಹೊಸ ಡಬ್ಬಿ ತೆರೆಯಬೇಡಿ. ಈಗಲೇ ಕೊಂಡು ಮೊದಲು ಮೊಣಕೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಎರಡು ದಿನ ನೋಡಿ. ಸುಗಂಧದ್ರವ್ಯವೋ ಲ್ಯಾನೋಲಿನ್ನೋ ಕೆಲವರಿಗೆ ಒಗ್ಗುವುದಿಲ್ಲ, ತುರಿಕೆ ಕೆಂಪು ಬಂದರೆ ಬಿಟ್ಟುಬಿಡಿ. ಮದುವೆಗೆ ಒಂದು ವಾರ ಮೊದಲು ಕ್ರಾಪು ಮಾಡಿಸಿ. ಪೇಟಾ ಸುತ್ತಿಕೊಳ್ಳುವುದಿದ್ದರೆ ಅಂದು ಪೊಮೇಡ್ ಹಚ್ಚಿ ಫಲವಿಲ್ಲ, ಪೇಟಾ ತೆಗೆದ ಮೇಲೆ ಒದ್ದೆ ಕೈಯಿಂದ ಹಚ್ಚಿ. ಅಕ್ಷತೆಯ ಅಕ್ಕಿಕಾಳು ಜಿಡ್ಡಿಗೆ ಅಂಟಿ ಕೂರುತ್ತದೆ, ಅದಕ್ಕೂ ಕಡಿಮೆ ಹಚ್ಚುವುದೇ ಉಪಾಯ.

ಇನ್ನು ನಿಮ್ಮ ಅಪ್ಪನ ಆತಂಕ. ಪೊಮೇಡ್ ಕೂದಲಿನ ಬುಡದೊಳಗೆ ಹೋಗಿ ಕೂದಲು ಉದುರಿಸುವುದಿಲ್ಲ. ಗಂಡಸರಲ್ಲಿ ಹಣೆಯ ಎರಡು ಬದಿ ಹಿಂದೆ ಸರಿದು ನೆತ್ತಿ ತೆಳ್ಳಗಾಗಲು ವಂಶಗುಣ ಮತ್ತು ಡಿಎಚ್‌ಟಿ ಎಂಬ ಹಾರ್ಮೋನು ಕಾರಣ. ಯಾರಿಗೇ ಆದರೂ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಪೊಮೇಡ್ ಹಚ್ಚಿದ ದಿನ ಅವು ಹಣಿಗೆಗೆ ಅಂಟಿಕೊಂಡು ಒಟ್ಟಿಗೆ ಕಾಣುತ್ತವೆ. ಆದರೆ ಅಪ್ಪನ ಮಾತಿನಲ್ಲಿ ಒಂದು ಹುರುಳಿದೆ. ಗಟ್ಟಿಯಾದ ಕೂದಲನ್ನು ಒಣಗಿದ್ದಾಗ ಬಲವಂತವಾಗಿ ಬಾಚಿದರೆ ನಡುವೆ ತುಂಡಾಗುತ್ತದೆ. ತೊಳೆಯದೆ ಬಿಟ್ಟರೆ ರೋಮಕೂಪಗಳು ಕಟ್ಟಿ ಗುಳ್ಳೆ ಏಳುತ್ತವೆ. ಹಣೆಯ ಅಂಚಿನಲ್ಲಿ, ಕೆನ್ನೆಲುಬಿನ ಮೇಲ್ಗಡೆ ಕಣಕಣವಾಗಿ ಏಳುವ ಗುಳ್ಳೆಗಳಿಗೆ ಚರ್ಮವೈದ್ಯರು ಪೊಮೇಡ್ ಮೊಡವೆ ಎಂದೇ ಹೆಸರಿಟ್ಟಿದ್ದಾರೆ. ಎಣ್ಣೆ ಪೊಮೇಡಿನಿಂದಲೇ ಅವು ಹೆಚ್ಚು. ತಲೆಹೊಟ್ಟಿಗೆ ಸಂಬಂಧಿಸಿದ ಮಲಾಸೀಜಿಯಾ ಎಂಬ ಶಿಲೀಂಧ್ರ ಜಿಡ್ಡನ್ನೇ ತಿಂದು ಬದುಕುವಂಥದ್ದು. ಹೊಟ್ಟಿರುವ ನೆತ್ತಿಗೆ ಎಣ್ಣೆ ಸವರಿದರೆ ಅದಕ್ಕೆ ಅನ್ನ ಇಟ್ಟ ಹಾಗೆ. ಹೊಟ್ಟಿಗೆ ಮೊದಲು ಚಿಕಿತ್ಸೆ ಎಂದದ್ದು ಇದೇ ಕಾರಣಕ್ಕೆ. ಕೀಟೊಕೊನಜೋಲ್ ಇರುವ ಶಾಂಪೂವನ್ನು ಔಷಧ ಅಂಗಡಿಯಲ್ಲಿ ಕೇಳಿ, ಡಬ್ಬಿಯ ಮೇಲೆ ಬರೆದ ರೀತಿಯಲ್ಲಿ ಕೆಲವು ವಾರ ಬಳಸಿ, ಅಷ್ಟು ದಿನ ಪೊಮೇಡ್ ದೂರವಿಡಿ. ಅಷ್ಟಾದರೂ ತುರಿಕೆ ನಿಲ್ಲದಿದ್ದರೆ, ನಾಣ್ಯದಗಲ ಕೂದಲು ಹೋದ ಜಾಗ ಕಂಡರೆ, ಅಥವಾ ಗುಳ್ಳೆಗಳಲ್ಲಿ ಕೀವು ತುಂಬಿದರೆ ಕ್ಷೌರಿಕರ ಸಲಹೆಗೆ ಕಾಯಬೇಡಿ. ಹುಬ್ಬಳ್ಳಿಯಲ್ಲಿ ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ. ಹೋಗುವಾಗ ನೀವು ಬಳಸುವ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ಹಿಂಬದಿಯ ಪಟ್ಟಿ ನೋಡಿದರೆ ವೈದ್ಯರಿಗೆ ಕಾರಣ ಹುಡುಕುವುದು ಸುಲಭವಾಗುತ್ತದೆ.